ಗೋಕರ್ಣದಲ್ಲಿ ಊಟ ಎಲ್ಲಿ?

ಕಡಲ ದಂಡೆಯ ಯಾತ್ರಾಸ್ಥಳವೊಂದರ ನೆರೆಯಲ್ಲಿ ಹುಟ್ಟಿದವನಿಗೆ ಕೆಲವು ಋಣಗಳು ತಪ್ಪುವುದಿಲ್ಲ. ಘಟ್ಟದ ಮೇಲಿನ ಗೆಳೆಯರು ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡುವುದು ಅವುಗಳಲ್ಲಿ ಒಂದು. ಹಿಂದೆ ಈ ಪ್ರಶ್ನೆಗಳು ಕಾಗದದಲ್ಲಿ ಬರುತ್ತಿದ್ದವು. ಈಗ ದೂರವಾಣಿಯಲ್ಲಿ ಬರುತ್ತವೆ. ಪ್ರಶ್ನೆಗಳು ಮಾತ್ರ ಬದಲಾಗಿಲ್ಲ. “ಗೋಕರ್ಣಕ್ಕೆ ಬರುವವರಿದ್ದೇವೆ. ಉಳಿದುಕೊಳ್ಳಲು ಎಲ್ಲಿ ಅನುಕೂಲ? ಮಕ್ಕಳು ನೀರಿಗೆ ಇಳಿಯಬಹುದೆ? ಊಟಕ್ಕೆ ಎಲ್ಲಿಗೆ ಹೋಗಬೇಕು?” ಮೊದಲ ಎರಡಕ್ಕೆ ಉತ್ತರ ಹೇಳುವುದು ಕಷ್ಟವಲ್ಲ. ಮೂರನೆಯದೂ ಅಷ್ಟೇ ಸುಲಭವೆಂದು ನಾನು ಬಹುಕಾಲ ತಿಳಿದಿದ್ದೆ. ಹಾಗಲ್ಲವೆಂದು ನನಗೆ ತಿಳಿದುಬಂದ ಬಗೆಯನ್ನು ಈ ಹೊತ್ತು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ಮೊದಲೇ ಒಂದು ಮಾತನ್ನು ಒಪ್ಪಿಸಿಬಿಡುತ್ತೇನೆ. ಇಂಥ ಬೀದಿಯಲ್ಲಿ ಇಂಥ ಹೋಟೆಲು, ಅಲ್ಲಿ ಇಂಥ ತಿಂಡಿ ಚೆನ್ನ ಎಂದು ನಾನು ಹೆಸರು ಹಿಡಿದು ಹೇಳುವವನಲ್ಲ. ಹೇಳಿದರೆ ಅದು ಭಾಷಣವಾಗದೆ ಜಾಹೀರಾತಾದೀತು. ಅಲ್ಲದೆ, ಇಂದು ಚೆನ್ನಾಗಿರುವ ಹೋಟೆಲು ಅಡುಗೆಯವನು ಬದಲಾದ ಮರುದಿನ ಚೆನ್ನಾಗಿರಬೇಕೆಂಬ ನಿಯಮವೇನೂ ಇಲ್ಲವಷ್ಟೆ. ಆದ್ದರಿಂದ ಹೆಸರುಗಳ ಬದಲು ಹುಡುಕುವ ದಾರಿಯನ್ನು ಹೇಳುತ್ತೇನೆ. ದಾರಿ ತಿಳಿದವನಿಗೆ ಬಾಗಿಲು ತಾನಾಗಿ ಸಿಕ್ಕುತ್ತದೆ.

ಗೋಕರ್ಣವನ್ನು ನೀವು ನೋಡಿರಬಹುದು. ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲೂಕಿನಲ್ಲಿ, ಎರಡು ಹೊಳೆಗಳು ಕಡಲನ್ನು ಸೇರುವ ಎಡೆಗಳ ನಡುವೆ ಇರುವ ಊರು ಅದು. ಬಡಗಲಿಗೆ ಗಂಗಾವಳಿ, ತೆಂಕಲಿಗೆ ಅಘನಾಶಿನಿ. ಪಡುವಲಿಗೆ ಸಮುದ್ರವಾದರೆ ಮೂಡಲಿಗೆ ಸಹ್ಯಾದ್ರಿ. ಊರಿನ ನಡುವೆ ಮಹಾಬಲೇಶ್ವರ, ಅವನ ಮಗ್ಗುಲಲ್ಲಿ ಗಣಪತಿ, ತುಸು ದೂರದಲ್ಲಿ ಕೋಟಿತೀರ್ಥ. ದಕ್ಷಿಣದ ಗುಡ್ಡಗಳನ್ನು ಹತ್ತಿ ಇಳಿದರೆ ಕುಡ್ಲೆ, ಓಂ ಮೊದಲಾದ ಕಡಲತೀರಗಳು. ಯಾತ್ರಿಕನಿಗೆ ಬೇಕಾದುದು ಒಂದು ಕಡೆ, ವಿಹಾರಕ್ಕೆ ಬಂದವನಿಗೆ ಬೇಕಾದುದು ಇನ್ನೊಂದು ಕಡೆ. ನಡುವೆ ಕಾಲು ಗಂಟೆಯ ನಡಿಗೆ. ಊಟದ ಮಾತಿಗೆ ಈ ಭೂಗೋಳ ಏಕೆ ಎನ್ನುವಿರೇನೋ. ಒಂದು ಊರಿನ ಎಲೆಯ ಮೇಲೆ ಏನು ಬೀಳುತ್ತದೆ ಎಂಬುದು ಆ ಊರು ಎಲ್ಲಿ ಕುಳಿತಿದೆ ಎಂಬುದನ್ನು ಹೊಂದಿಕೊಂಡಿದೆ. ಕಡಲಿನ ಮೀನು, ಹೊಳೆಯ ಮೀನು, ಉಪ್ಪುನೀರಿನ ಗದ್ದೆಯ ಅಕ್ಕಿ, ಮರಳುನೆಲದ ತರಕಾರಿ, ತೋಟದ ತೆಂಗು, ಘಟ್ಟದ ಮೆಣಸು ಮತ್ತು ಹುಳಿ—ಇವೆಲ್ಲ ಒಂದು ದಿನದ ನಡಿಗೆಯೊಳಗೆ ಸಿಕ್ಕುವ ನೆಲ ಇದು.

ಹಿಂದಿನವರಿಗೆ “ಊಟ ಎಲ್ಲಿ” ಎಂಬ ಪ್ರಶ್ನೆಯೇ ಇರಲಿಲ್ಲ. ಗೋಕರ್ಣಕ್ಕೆ ಬರುವವರು ಹೆಚ್ಚಾಗಿ ಪಿತೃಕಾರ್ಯಕ್ಕೋ ಶಿವರಾತ್ರಿಯ ತೇರಿಗೋ ಬರುತ್ತಿದ್ದರು. ತಲೆತಲಾಂತರದಿಂದ ತಮ್ಮ ಮನೆತನಕ್ಕೆ ಗೊತ್ತಾದ ಪುರೋಹಿತರ ಮನೆಯ ಜಗಲಿಯಲ್ಲಿ ಗಂಟು ಇಳಿಸುತ್ತಿದ್ದರು. ಕಾರ್ಯ ಮುಗಿದ ಮೇಲೆ ಊಟ ಅಲ್ಲಿಯೇ. ಅಷ್ಟು ಬಳಕೆ ಇಲ್ಲದವರು ಛತ್ರದಲ್ಲಿ ಮೂರು ಕಲ್ಲು ಹೂಡಿ ತಾವೇ ಅನ್ನ ಬೇಯಿಸಿಕೊಳ್ಳುತ್ತಿದ್ದರು. ಅನ್ನಕ್ಕೆ ಬೆಲೆ ಕಟ್ಟುವ ಪದ್ಧತಿ ಆಮೇಲೆ ಬಂದದ್ದು. ಚಹಾದ ಅಂಗಡಿ ಬಂತು, ಖಾನಾವಳಿ ಬಂತು. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಗೋವೆಯ ಕಡಲತೀರಗಳಿಂದ ಕೆಳಗಿಳಿದು ಬಂದ ವಿದೇಶೀಯರು ಕುಡ್ಲೆಯಲ್ಲಿಯೂ ಓಂ ತೀರದಲ್ಲಿಯೂ ತಿಂಗಳುಗಟ್ಟಲೆ ಉಳಿದರು. ಅವರಿಗಾಗಿ ತೆಂಗಿನ ಗರಿಯ ಚಪ್ಪರದ ಉಪಾಹಾರಗೃಹಗಳು ಎದ್ದವು. ೧೯೯೮ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ಮುಂಬಯಿ ಒಂದು ರಾತ್ರಿಯ ದೂರಕ್ಕೆ ಬಂತು. ಈಗ ಶನಿವಾರ, ಭಾನುವಾರಗಳ ಜೊತೆಗೆ ಇನ್ನೊಂದು ರಜೆ ಸೇರಿತೆಂದರೆ ರಥಬೀದಿಯಲ್ಲಿ ಕಾಲಿಡಲು ತೆರಪಿರುವುದಿಲ್ಲ. ಬರುವವರು ಹೆಚ್ಚಿದಂತೆ ತಿಂಡಿಗಳ ಪಟ್ಟಿಯೂ ಉದ್ದವಾಯಿತು. ಕಡಲ ದಂಡೆಯ ಒಂದು ಚಪ್ಪರದಲ್ಲಿ ಇಟಲಿಯ ರೊಟ್ಟಿ, ಇಸ್ರೇಲಿನ ಹಮಸ್, ಚೀಣದ ಶಾವಿಗೆ, ಪಂಜಾಬಿನ ಪನೀರು ಇಷ್ಟೂ ಸಿಕ್ಕುತ್ತವೆ. ನಾಲ್ಕು ಮಾರು ದೂರದಲ್ಲಿ ಬಲೆಗೆ ಬಿದ್ದದ್ದು ಏನೆಂಬುದು ಮಾತ್ರ ಆ ಪಟ್ಟಿಯಿಂದ ತಿಳಿಯುವುದಿಲ್ಲ.

ಕೆಲವು ವರ್ಷಗಳ ಹಿಂದೆ, ಡಿಸೆಂಬರ್ ತಿಂಗಳಲ್ಲಿ, ಧಾರವಾಡದ ನನ್ನ ಹಳೆಯ ಗೆಳೆಯರೊಬ್ಬರು ಹೆಂಡತಿ ಮಕ್ಕಳೊಡನೆ ಬಂದರು. ಅವರು ಮೀನು ತಿನ್ನುವವರಲ್ಲ. ಮೂರು ದಿನಗಳ ಮಟ್ಟಿಗೆ ಅವರ ಊಟದ ವ್ಯವಸ್ಥೆಯನ್ನು ನಾನು ಹೊತ್ತುಕೊಂಡೆ. ಊರಿನ ಮರ್ಯಾದೆಯ ಪ್ರಶ್ನೆ ನೋಡಿ! ಮೊದಲ ದಿನ ಗುಡ್ಡದ ಮೇಲಿನ ಉಪಾಹಾರಗೃಹಕ್ಕೆ ಕರೆದುಕೊಂಡು ಹೋದೆ. ಸೂರ್ಯಾಸ್ತ ಸೊಗಸಾಗಿತ್ತು, ಹುಡುಗರು ಏನೇನೋ ತರಿಸಿಕೊಂಡರು. ಎರಡನೆಯ ದಿನ ಹೆದ್ದಾರಿಯ ಮಗ್ಗುಲಲ್ಲಿ ಹೊಸದಾಗಿ ಎದ್ದಿದ್ದ ದೊಡ್ಡ ಹೋಟೆಲು. ಅಲ್ಲಿ ಕೈ ಒರಸುವ ಬಟ್ಟೆಯನ್ನು ಹೂವಿನಂತೆ ಮಡಿಸಿ ಇಟ್ಟಿದ್ದರು. ಊಟ ಉತ್ತರ ಹಿಂದೂಸ್ಥಾನದ್ದು. ಮೂರನೆಯ ದಿನ ಬೆಳಿಗ್ಗೆ ಇನ್ನೆಲ್ಲಿಗೆ ಎಂದು ನಾನು ಯೋಚಿಸುತ್ತಿರುವಾಗ ಗೆಳೆಯರು ಮೆಲ್ಲಗೆ, “ಇವತ್ತ ಊಟಾನs ಬ್ಯಾಡ. ಹಿಂಗs ಅಡ್ಡಾಡಿ ಬರೋಣ” ಎಂದರು. ಹೊಟ್ಟೆ ಕೆಟ್ಟಿತೇನೋ ಎಂದುಕೊಂಡೆ. ಸರಿ, ಅಘನಾಶಿನಿಯ ಹಿನ್ನೀರನ್ನು ತೋರಿಸೋಣವೆಂದು ಹೊರಟೆವು. ಆ ಹೊಳೆಯ ದಂಡೆಯ ಹಳ್ಳಿಯೊಂದರಲ್ಲಿ ನನ್ನ ಅಕ್ಕನ ಮನೆ.

ಅಕ್ಕನಿಗೆ ಮುಂಚಿತವಾಗಿ ಹೇಳಿರಲಿಲ್ಲ. ಹೊತ್ತು ಹನ್ನೆರಡಾಗಿತ್ತು. ಬಾಗಿಲಲ್ಲಿ ಐದು ಜನರನ್ನು ಕಂಡು ಅವಳು ಗಾಬರಿಯಾದಳು. “ಅಲ್ಲಾ ತಮ್ಮಾ, ದೊಡ್ಡವ್ರನ್ನ ಕರ್ಕಂಡು ಬರೂಕೆ ಮೊದ್ಲೇ ಹೇಳ್ಬಾರ್ದಾ? ಇವತ್ತು ಗಂಜಿ ಬಿಟ್ರೆ ಏನೂ ಇಲ್ಲ” ಎಂದಳು. ನನಗೂ ಸಂಕೋಚವಾಯಿತು, “ಏನೂ ಬೇಡ, ಎಳನೀರು ಕುಡಿದು ಹೊರಡುತ್ತೇವೆ” ಎಂದೆ. ಗೆಳೆಯರು ಜಗಲಿಯ ಮೇಲೆ ಕುಳಿತೇಬಿಟ್ಟರು. “ಗಂಜೀನs ನೀಡ್ರಿ ಅಕ್ಕಾರs. ಮೂರು ದಿನಾ ಆತು, ಹೊಟ್ಟಿಗೆ ಅನ್ನೋದು ಬಿದ್ದಿಲ್ಲ” ಎಂದರು.

ಬಾಳೆಯೆಲೆಯ ದೊನ್ನೆಯಂತಿರುವ ಬಟ್ಟಲುಗಳಲ್ಲಿ ಕೆಂಪು ಅಕ್ಕಿಯ ಗಂಜಿ ಬಂತು. ಮೇಲೆ ನಾಲ್ಕು ಹರಳು ಉಪ್ಪು. ಮಗ್ಗುಲಲ್ಲಿ ಮಿಡಿ ಉಪ್ಪಿನಕಾಯಿ, ಹಿತ್ತಲಿನ ಹರಿವೆಯ ಪಲ್ಯ. ಮಾತನಾಡುತ್ತಿರುವಾಗಲೇ ಅಕ್ಕ ಅಂಗಳದಂಚಿನಿಂದ ಒಂದೆಲಗ ಕಿತ್ತು ತಂದು, ಕಾಯಿಯೊಡನೆ ಅರೆದು, ಮಜ್ಜಿಗೆ ಬೆರೆಸಿ ತಂಬುಳಿ ಮಾಡಿಬಿಟ್ಟಳು. ಕೊನೆಗೆ ಮುರುಗಲಿನ ಸಾರು. ಗೆಳೆಯರ ಹುಡುಗ, ಎರಡು ದಿನ ತಟ್ಟೆಯಲ್ಲಿ ಅರ್ಧ ಬಿಟ್ಟೆದ್ದವನು, ಎರಡನೆಯ ಸಲ ಗಂಜಿ ಹಾಕಿಸಿಕೊಂಡ. ಕೈ ತೊಳೆಯುವಾಗ ಗೆಳೆಯರು ನನಗೆ ಹೇಳಿದ ಮಾತು ಇದು: “ಎರಡು ದಿನಾ ನೀ ನನಗ ಎಲ್ಲಾ ಊರಿನ ಊಟಾ ಮಾಡಿಸಿದಿ. ನಿಮ್ಮೂರಿಂದು ಒಂದs ಬಿಟ್ಟಿದ್ದಿ ನೋಡು.”

ಅವರು ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ನಾನೇಕೆ ಬಿಟ್ಟೆ? ಮರೆತು ಬಿಟ್ಟದ್ದಲ್ಲ. ನಾಚಿಕೆಯಿಂದ ಬಿಟ್ಟದ್ದು. ಆ ಕೆಂಪಕ್ಕಿ ನಮ್ಮ ಬಾಲ್ಯದಲ್ಲಿ ಬಡತನದ ಗುರುತು. ಮನೆಗೆ ನೆಂಟರು ಬಂದರೆ ನಮ್ಮ ತಾಯಿ ಹಿಂದಿನ ಬಾಗಿಲಿನಿಂದ ನೆರೆಮನೆಗೆ ಹೋಗಿ ಒಂದು ಸೇರು ಬೆಳ್ಳಕ್ಕಿಯನ್ನು ಸಾಲ ತರುತ್ತಿದ್ದರು. ನೆಂಟರಿಗೆ ಬೆಳ್ಳಕ್ಕಿಯ ಅನ್ನ. ನಮಗೆ ಒಳಗೆ ಕೆಂಪಕ್ಕಿಯ ಗಂಜಿ. ಅಂದು ಬೆಳ್ಳಕ್ಕಿಯನ್ನು ಸಾಲ ತಂದ ತಾಯಿಯ ಮಗ, ಅರ್ಧ ಶತಮಾನದ ಮೇಲೆ ಗೆಳೆಯನನ್ನು ಹೂವಿನಂಥ ಬಟ್ಟೆಯ ಹೋಟೆಲಿಗೆ ಕರೆದೊಯ್ದ. ಎರಡರಲ್ಲಿ ವ್ಯತ್ಯಾಸವೇನು? ನಮ್ಮ ತಾಯಿಯದು ಆದರ, ನನ್ನದು ಅಂಜಿಕೆ.

ಹೊರಡುವಾಗ ಗೆಳೆಯರು ಅಕ್ಕನನ್ನು ಕೇಳಿದರು: “ಈ ಅಕ್ಕಿ ಒಂದು ಚೀಲ ಸಿಗತಾವೇನ್ರಿ?” ಅಕ್ಕ ನಕ್ಕಳು. “ಚೀಲ ಎಲ್ಲಿಂದ ತರೂದು? ನಮ್ಗೇ ಈ ವರ್ಷ ಆದದ್ದು ಇಷ್ಟೇ. ಬದಿಯವ್ರು ಗದ್ದೆ ಬಿಟ್ರು. ಒಡ್ಡು ಒಡೀತು. ಮುಂದಿನ ವರ್ಷ ಉಂಟೋ ಇಲ್ವೋ.”

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆ ಅಕ್ಕಿಯ ಹೆಸರು ಕಗ್ಗ. ಅದು ಬೆಳೆಯುವ ಭೂಮಿಗೆ ಗಜನಿ ಎನ್ನುತ್ತಾರೆ. ಅಘನಾಶಿನಿಯ ಹಿನ್ನೀರಿನ ಅಂಚಿನಲ್ಲಿ, ಉಬ್ಬರದ ನೀರು ಏರುವ ಮಟ್ಟಕ್ಕಿಂತ ತಗ್ಗಿನಲ್ಲಿರುವ ಗದ್ದೆಗಳು ಇವು. ಸುತ್ತಲೂ ಒಡ್ಡು ಕಟ್ಟಿ ಉಪ್ಪುನೀರನ್ನು ತಡೆಯುತ್ತಾರೆ. ಮಳೆಗಾಲದ ಮೊದಲ ಮಳೆಗಳು ನೆಲದ ಉಪ್ಪನ್ನು ಸ್ವಲ್ಪ ತೊಳೆದ ಮೇಲೆ ಮೊಳಕೆ ಬಂದ ಬೀಜವನ್ನು ಚೆಲ್ಲುತ್ತಾರೆ. ಬೇರೆ ಭತ್ತವಾದರೆ ಆ ಉಪ್ಪಿಗೆ ಸುಟ್ಟುಹೋಗುತ್ತದೆ. ನೆರೆ ಬಂದರೆ ಕೊಳೆಯುತ್ತದೆ. ಕಗ್ಗ ಉಪ್ಪನ್ನೂ ತಾಳುತ್ತದೆ, ನೆರೆಯನ್ನೂ ತಾಳುತ್ತದೆ. ನೀರು ಏರಿದಂತೆ ತಾನೂ ಎತ್ತರಕ್ಕೆ ಬೆಳೆದು ತಲೆಯನ್ನು ಮೇಲೆ ಹಿಡಿದು ನಿಲ್ಲುತ್ತದೆ. ಗೊಬ್ಬರ ಬೇಡ, ಔಷಧಿ ಬೇಡ. ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಗದ್ದೆಯಲ್ಲಿ ಬಿಟ್ಟರೆ, ಆಮೇಲೆ ಒಳಬಿಟ್ಟ ಹೊಳೆಯ ನೀರಿನೊಡನೆ ಬರುವ ಮೀನು, ಸಿಗಡಿಗಳಿಗೆ ಅದೇ ಆಹಾರ. ಒಂದೇ ಗದ್ದೆ ಮಳೆಗಾಲದಲ್ಲಿ ಅನ್ನ ಕೊಡುತ್ತದೆ, ಬೇಸಗೆಯಲ್ಲಿ ಮೀನು ಕೊಡುತ್ತದೆ.

ಆದರೆ ಈ ಬೇಸಾಯದಲ್ಲಿ ಒಂದು ಗುಟ್ಟಿದೆ. ಇದನ್ನು ಒಬ್ಬನೇ ಮಾಡಲಾಗುವುದಿಲ್ಲ. ಒಡ್ಡು ಎಲ್ಲರದು. ಬಾಗಿಲು ತೆರೆಯುವುದು, ಮುಚ್ಚುವುದು ಎಲ್ಲರ ಒಪ್ಪಿಗೆಯಿಂದ. ಹತ್ತು ಮನೆಯವರಲ್ಲಿ ನಾಲ್ಕು ಮನೆಯವರು ಕೈಬಿಟ್ಟರೆ ಉಳಿದ ಆರು ಮನೆಯವರ ಗದ್ದೆಗೂ ಉಪ್ಪುನೀರು ನುಗ್ಗುತ್ತದೆ. ೧೯೯೦ರ ದಶಕದಲ್ಲಿ ಸಿಗಡಿ ಸಾಕಣೆಯ ಹುಮ್ಮಸ್ಸು ಬಂದಾಗ ಅನೇಕ ಗಜನಿಗಳು ಸಿಗಡಿಯ ಕೊಳಗಳಾದವು. ಕೆಲವು ವರ್ಷ ಹಣ ಬಂತು. ಆಮೇಲೆ ರೋಗ ಬಂತು. ಕೊಳಗಳು ಹಾಳುಬಿದ್ದವು, ಹೋದ ಕಗ್ಗ ಹಲವು ಕಡೆ ತಿರುಗಿ ಬರಲಿಲ್ಲ. ಈಗಲೂ ಮಾಣಿಕಟ್ಟೆಯೇ ಮೊದಲಾದ ಹಳ್ಳಿಗಳಲ್ಲಿ ಅದನ್ನು ಬೆಳೆಯುವವರಿದ್ದಾರೆ. ಅವರು ಉಳಿಯುತ್ತಾರೆಯೆ ಇಲ್ಲವೆ ಎಂಬುದು ಆ ಅಕ್ಕಿಯನ್ನು ಕೇಳಿ ಕೊಳ್ಳುವವರಿದ್ದಾರೆಯೆ ಎಂಬುದರ ಮೇಲೆ ನಿಂತಿದೆ.

ಅಂದು ಗಂಜಿಯ ಮೇಲೆ ಬಿದ್ದ ಆ ನಾಲ್ಕು ಹರಳು ಉಪ್ಪಿಗೂ ಒಂದು ಊರಿದೆ. ಅದು ಸಾಣೀಕಟ್ಟೆ, ಗೋಕರ್ಣದ ನೆರೆಯಲ್ಲಿಯೇ ಇದೆ. ಹಿನ್ನೀರನ್ನು ಪಾತಿಗಳಿಗೆ ಹಾಯಿಸಿ ಬಿಸಿಲಿಗೆ ಬಿಡುತ್ತಾರೆ. ಚಳಿ ಕಳೆದಾಗಿನಿಂದ ಮಳೆ ಹಿಡಿಯುವ ತನಕ ಅಲ್ಲಿ ಉಪ್ಪಿನ ಬೆಳ್ಳನೆಯ ರಾಶಿಗಳನ್ನು ಕಾಣಬಹುದು. ೧೯೩೦ರಲ್ಲಿ ನೆರೆಯ ಅಂಕೋಲೆಯ ಜನ ಕಾಯಿದೆ ಮುರಿದು ಉಪ್ಪು ಮಾಡಿದುದನ್ನು ನೀವು ಚರಿತ್ರೆಯ ಪುಸ್ತಕದಲ್ಲಿ ಓದಿರುತ್ತೀರಿ. ಉಪ್ಪು ಈ ನಾಡಿಗೆ ಬರಿಯ ರುಚಿಯಲ್ಲ, ಸ್ವಾಭಿಮಾನದ ನೆನಪೂ ಹೌದು. ನಮ್ಮ ಕಡೆಯ ಹೆಂಗಸರು ಇಂದಿಗೂ ಉಪ್ಪಿನಕಾಯಿಗೆ ಈ ಹರಳುಪ್ಪೇ ಆಗಬೇಕೆನ್ನುತ್ತಾರೆ. ಹೋಟೆಲುಗಳ ಮೇಜಿನ ಮೇಲೆ ಇರುವುದು ಮಾತ್ರ ದೂರದೂರಿನ ಕಾರ್ಖಾನೆಯಿಂದ ಪೊಟ್ಟಣದಲ್ಲಿ ಬಂದ ಪುಡಿಯುಪ್ಪು.

ಮೀನು ತಿನ್ನುವವರಿಗಾಗಿ ಇನ್ನೊಂದು ಮಾತು. ಅಘನಾಶಿನಿಗೆ ಅದರ ಹರಿವಿನ ಉದ್ದಕ್ಕೂ ಅಣೆಕಟ್ಟು ಬಿದ್ದಿಲ್ಲ. ಘಟ್ಟದ ಸಿಹಿನೀರು ತಡೆಯಿಲ್ಲದೆ ಬಂದು ಕಡಲಿನ ಉಪ್ಪುನೀರಿನೊಡನೆ ಬೆರೆಯುತ್ತದೆ. ಆ ಬೆರಕೆಯ ನೀರಿನಲ್ಲಿ ಬಳಚು ಎಂಬ ಚಿಪ್ಪುಜೀವಿ ಹೇರಳವಾಗಿ ಬೆಳೆಯುತ್ತದೆ. ಇಳಿತದ ಹೊತ್ತಿನಲ್ಲಿ ಹೆಂಗಸರು, ಗಂಡಸರು ನೀರಿಗಿಳಿದು, ಕೈಯಿಂದ ಕಾಲಿನಿಂದ ತಡವಿ, ಬುಟ್ಟಿ ತುಂಬುತ್ತಾರೆ. ೨೦೨೪ರಲ್ಲಿ ಈ ಅಳಿವೆ ರಾಮ್ಸಾರ್ ಒಪ್ಪಂದದ ಪಟ್ಟಿಗೆ, ಎಂದರೆ ಜಗತ್ತಿನ ಮಹತ್ತ್ವದ ಜೌಗುಭೂಮಿಗಳ ಪಟ್ಟಿಗೆ, ಸೇರಿತು. ಜಗತ್ತು ಬೆಲೆ ಕೊಟ್ಟ ಆ ನೀರಿನ ಬಳಚನ್ನು ಕಾಯಿ, ಮೆಣಸುಗಳೊಡನೆ ಒಣಗಿಸಿ ಹುರಿದರೆ ಅದರ ಪರಿಮಳ ಮೂರು ಮನೆಯಾಚೆಗೆ ಹೋಗುತ್ತದೆ. ಓಂ ತೀರದಲ್ಲಿ ವಾರಗಟ್ಟಲೆ ಉಳಿದವರಲ್ಲಿ ಎಷ್ಟು ಮಂದಿ ಅದರ ಹೆಸರನ್ನಾದರೂ ಕೇಳಿದ್ದಾರು?

ಇದನ್ನೆಲ್ಲ ನಾನು ಆಮೇಲೊಂದು ದಿನ ಪರಿಚಯದ ಹೋಟೆಲುಗಾರರೊಬ್ಬರ ಮುಂದೆ ಹೇಳಿಕೊಂಡೆ. ಅವರು ಗಲ್ಲೆಯ ಹಿಂದೆ ಕುಳಿತು ಶಾಂತವಾಗಿ ಕೇಳಿದರು. ಆಮೇಲೆ, “ಮಾಸ್ತರರೇ, ತಂಬುಳಿ ಮಾಡಿಸಿ ಇಡುತ್ತೇನೆ. ಸಂಜೆಗೆ ನೀವೇ ಬಂದು ಕುಡಿದು ಹೋಗಬೇಕಾದೀತು. ಬಂದವರು ಕೇಳಿದ್ದನ್ನು ನಾನು ಕೊಡುತ್ತೇನೆ. ಅವರು ಕೇಳುವುದು ಪನೀರು” ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಹೋಟೆಲುಗಾರ ಬಂದವರ ಬಾಯಿಯನ್ನು ನೋಡುತ್ತಾನೆ. ಬಂದವರು ಗೋಡೆಯ ಮೇಲಿನ ಪಟ್ಟಿಯನ್ನು ನೋಡುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತ ಕುಳಿತಿದ್ದಾರೆ. ನಡುವೆ ಗಜನಿಯ ಒಡ್ಡು ಒಡೆಯುತ್ತಿದೆ.

ಇಷ್ಟು ಹೇಳಿದ ಮೇಲೆ ಎರಡು ನ್ಯಾಯದ ಮಾತುಗಳನ್ನೂ ಹೇಳದಿದ್ದರೆ ತಪ್ಪಾದೀತು. ಮೊದಲನೆಯದು ಆ ಕಡಲತೀರದ ಚಪ್ಪರಗಳ ವಿಷಯ. ಅವುಗಳನ್ನು ಹಳಿಯುವುದು ಈಗ ಒಂದು ರೂಢಿಯಾಗಿದೆ. ಆದರೆ ಊರುಬಿಟ್ಟು ಸಾವಿರಾರು ಮೈಲಿ ಬಂದವನಿಗೆ ತನ್ನ ಮನೆಯ ರುಚಿ ನೆನಪಾಗುವುದು ಸಹಜ. ನಮ್ಮವರು ಮುಂಬಯಿಗೆ ಹೋದರೆ ಇಡ್ಲಿಯನ್ನು ಹುಡುಕುವುದಿಲ್ಲವೆ? ಅಲ್ಲಿ ಕೆಲಸ ಮಾಡುವ ಹುಡುಗರು ಎಷ್ಟೋ ಮನೆಗಳ ಒಲೆ ಉರಿಸುತ್ತಿದ್ದಾರೆ. ಒಂದು ಸಂಜೆ ಅಲ್ಲಿ ಕುಳಿತು ಚಹಾ ಕುಡಿಯಿರಿ, ಸೂರ್ಯ ಮುಳುಗುವುದನ್ನು ನೋಡಿರಿ. ಮೂರು ಹೊತ್ತಿನ ಊಟಕ್ಕೂ ಅದೇ ಜಾಗ ಆಗಬೇಕಾಗಿಲ್ಲ ಎಂಬಷ್ಟೇ ನನ್ನ ಅರಿಕೆ.

ಎರಡನೆಯದು ನನ್ನ ಅಕ್ಕನ ಮಾತು. “ಮನೆಯೂಟದಂಥ ಊಟವಿಲ್ಲ” ಎಂದು ನಾವು ಗಂಡಸರು ಸುಲಭವಾಗಿ ಹೇಳಿಬಿಡುತ್ತೇವೆ. ಅಂದು ನಾವು ಐವರು ತೇಗಿ ಎದ್ದ ಮೇಲೆ ಅಕ್ಕ ತಳದಲ್ಲಿ ಉಳಿದ ಗಂಜಿಗೆ ನೀರು ಬೆರೆಸಿಕೊಂಡು ಉಂಡಳು. ಅದನ್ನು ಗೆಳೆಯರ ಹೆಂಡತಿ ನೋಡಿದರು, ನಾನು ನೋಡಲಿಲ್ಲ. ದಾರಿಯಲ್ಲಿ ಅವರು ಹೇಳಿದಾಗಲೇ ನನಗೆ ತಿಳಿದದ್ದು. ಹಿಂದೆ ಯಾತ್ರಿಕರಿಗೆ ಅನ್ನ ನೀಡಿದ ಮನೆಗಳಲ್ಲಿಯೂ ಒಲೆಯ ಮುಂದೆ ಇದ್ದವರು ಹೀಗೆಯೇ ಕೊನೆಗೆ ಉಂಡಿರಬೇಕು. ಅನ್ನಕ್ಕೆ ಬೆಲೆ ಕಟ್ಟುವುದು ಕೀಳೆಂದು ನಾವು ಮಾತನಾಡುತ್ತೇವೆ. ಆದರೆ ಬೆಲೆ ಕಟ್ಟದ ಅನ್ನದ ಬೆಲೆಯನ್ನು ಯಾರೋ ಒಳಗೆ ಕುಳಿತು ತೆತ್ತಿರುತ್ತಾರೆ. ಆದ್ದರಿಂದ ಸಿಕ್ಕವರ ಮನೆಯ ಬಾಗಿಲು ತಟ್ಟಿ ಎಂದು ನಾನು ಹೇಳಲಾರೆ. ಮನೆಯ ಅಡುಗೆಯನ್ನೇ ಮಾಡಿ, ಅದಕ್ಕೆ ನ್ಯಾಯವಾದ ಹಣ ಪಡೆಯುವ ಚಿಕ್ಕ ಖಾನಾವಳಿಗಳಿವೆ. ಗಂಡ ಹೆಂಡತಿ ಸೇರಿಯೋ, ಅಕ್ಕತಂಗಿಯರು ಸೇರಿಯೋ ನಡೆಸುವಂಥವು. ಅವುಗಳನ್ನು ಹುಡುಕಿ. ನನ್ನ ಉತ್ತರ ಅದೇ.

ಹುಡುಕುವುದು ಹೇಗೆ? ಬೆಳಿಗ್ಗೆ ಬೇಗ ಏಳಿರಿ. ದೇವಸ್ಥಾನದ ಸುತ್ತಲಿನ ಬೀದಿಗಳಲ್ಲಿ ನಡೆಯಿರಿ. ಹೂವು ಕಟ್ಟುವವರು, ರಿಕ್ಷಾದವರು, ಅಂಗಡಿ ತೆರೆಯುವವರು ಎಲ್ಲಿ ನಿಂತು ತಿಂಡಿ ತಿನ್ನುತ್ತಾರೆಂದು ನೋಡಿರಿ. ಅಲ್ಲಿ ಬನ್ಸ್ ಇರುತ್ತದೆ, ಒಗ್ಗರಣೆ ಅವಲಕ್ಕಿ ಇರುತ್ತದೆ, ಇಡ್ಲಿ ಇರುತ್ತದೆ. ಬಾಳೆಹಣ್ಣನ್ನು ಹಿಟ್ಟಿನಲ್ಲಿ ನಾದಿ ಕರಿದ ಬನ್ಸ್ ಬಿಸಿಯಿರುವಾಗ ಮುರಿದರೆ ಒಳಗೆ ಜೇನುಗೂಡಿನಂತೆ ಇರಬೇಕು, ಎಣ್ಣೆ ಕುಡಿದಿರಬಾರದು. ಅದೇ ಬೀದಿಗಳಲ್ಲಿ ಹಾಲಕ್ಕಿ ಒಕ್ಕಲಿಗ ಹೆಂಗಸರು, ಕೊರಳ ತುಂಬ ಮಣಿಸರ ಹಾಕಿಕೊಂಡವರು, ತಾವು ಬೆಳೆದ ಸೊಪ್ಪು ತರಕಾರಿಗಳನ್ನು ಹರಡಿಕೊಂಡು ಕುಳಿತಿರುತ್ತಾರೆ. ಅವರ ಬುಟ್ಟಿಯಲ್ಲಿ ಬೆಳಿಗ್ಗೆ ಏನಿದೆಯೋ ಅದು ಮಧ್ಯಾಹ್ನ ಯಾವ ಹೋಟೆಲಿನ ಪಲ್ಯದಲ್ಲಿದೆಯೋ ಅದು ಒಳ್ಳೆಯ ಹೋಟೆಲು. ಇದಕ್ಕಿಂತ ಸರಳವಾದ ಪರೀಕ್ಷೆ ನನಗೆ ಗೊತ್ತಿಲ್ಲ.

ಮಧ್ಯಾಹ್ನದ ಊಟಕ್ಕೆ ತಡಮಾಡಬೇಡಿರಿ. ಅನ್ನ ಅಂದಂದಿಗೆ ಅಳೆದು ಬೇಯಿಸುವ ಖಾನಾವಳಿಯಲ್ಲಿ ಎರಡು ಗಂಟೆಯ ಮೇಲೆ “ಮುಗಿಯಿತು” ಎನ್ನುತ್ತಾರೆ. ಹಾಗೆ ಹೇಳುವ ಹೋಟೆಲಿನ ಮೇಲೆ ಸಿಟ್ಟಾಗಬಾರದು, ಮರುದಿನ ಬೇಗ ಹೋಗಬೇಕು. ಯಾವ ಹೊತ್ತಿಗೆ ಹೋದರೂ ಪಟ್ಟಿಯಲ್ಲಿರುವ ನೂರು ಬಗೆಯೂ ಇದೆ ಎನ್ನುವವರ ಅಡುಗೆಮನೆಯಲ್ಲಿ ಶೀತಲಪೆಟ್ಟಿಗೆ ದೊಡ್ಡದಿರುತ್ತದೆ ಎಂದಷ್ಟೇ ಅರ್ಥ. ಮೀನಿನೂಟ ಬೇಕಾದವರು ದೇವಸ್ಥಾನದ ಬೀದಿಯನ್ನು ಬಿಟ್ಟು ಗಂಗಾವಳಿಯ ಕಡೆಗೋ ತದಡಿಯ ಬಂದರಿನ ಕಡೆಗೋ ಸ್ವಲ್ಪ ಹೋಗಬೇಕು. ಕುಮಟಾ, ಅಂಕೋಲೆಗಳೂ ದೂರವಲ್ಲ. ಅಲ್ಲಿ “ದೊಡ್ಡ ಮೀನು ಏನಿದೆ” ಎಂದು ಕೇಳಬೇಡಿರಿ. ದೊಡ್ಡ ಮೀನು ಹೊರಊರಿಗೆ ಹೋಗುತ್ತದೆ. ಬಂಗಡೆ, ತಾರ್ಲೆ, ನೊಗಲಿ—ಇವು ಇಲ್ಲಿನವರ ದಿನದ ಮೀನು. ಬಂಗಡೆಯ ಸಾರಿಗೆ ಜುಮ್ಮನಕಾಯಿ ಬಿದ್ದಿದ್ದರೆ ನಾಲಗೆ ತುಸು ಜುಮ್ಮೆನ್ನುತ್ತದೆ. ಆ ಹೆಸರು ಬಂದದ್ದೇ ಅದಕ್ಕೆ.

ಕಾಲವನ್ನೂ ಕೇಳಬೇಕು. ಜೂನ್ ಒಂದರಿಂದ ಜುಲೈ ಕೊನೆಯ ತನಕ, ೬೧ ದಿನ, ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಟ್ಟು ಮರಿಗಳು ಬೆಳೆಯುವ ಕಾಲ ಅದು. ಆ ದಿನಗಳಲ್ಲಿ ಕುಡ್ಲೆಯ, ಓಂ ತೀರದ ಚಪ್ಪರಗಳೂ ಹೆಚ್ಚಿನವು ಮುಚ್ಚಿರುತ್ತವೆ. ಆಗಲೂ ಮೇಜಿನ ಮೇಲೆ ದೊಡ್ಡ ಇಸೋಣದ ತುಂಡು ಬಂದರೆ, ಅದು ಎಷ್ಟು ದಿನ ಹಿಮದಲ್ಲಿತ್ತು ಎಂದು ಕೇಳುವ ಹಕ್ಕು ನಿಮಗಿದೆ. ಮಳೆಗಾಲದಲ್ಲಿ ಬಂದವರು ಒಣಮೀನನ್ನು, ಹೊಳೆಮೀನನ್ನು, ಪತ್ರೊಡೆಯನ್ನು ಕೇಳಬೇಕು. ಬೇಸಗೆಯಲ್ಲಿ ಬಂದವರಿಗೆ ಕುಮಟೆಯ ಸಿಹಿ ಈರುಳ್ಳಿ ಇದೆ. ಹೆದ್ದಾರಿಯ ಬದಿಯಲ್ಲಿ ಜಡೆ ಹೆಣೆದಂತೆ ಕಟ್ಟಿ ತೂಗುಹಾಕಿರುತ್ತಾರೆ. ಮೇ ತಿಂಗಳಲ್ಲಿ ಅಂಕೋಲೆಯ ಕರಿ ಈಶಾಡು ಮಾವು ಬರುತ್ತದೆ. ೨೦೨೩ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ತೆಳುಸಿಪ್ಪೆಯ ಆ ಹಣ್ಣು ದೂರದ ಪ್ರಯಾಣವನ್ನು ತಾಳುವುದಿಲ್ಲ. ಆದ್ದರಿಂದ ಅದನ್ನು ತಿನ್ನಬೇಕಾದವರು ಅದಿದ್ದಲ್ಲಿಗೇ ಬರಬೇಕು. ಬಿಸಿಲಿಗೆ ಮುರುಗಲಿನ ಪಾನಕ. ಬಣ್ಣದ ನೀರಿನ ಬಾಟಲಿಗಿಂತ ಅದು ಅಗ್ಗ, ಬಣ್ಣವೂ ಅದರದೇ.

ಇಷ್ಟೂ ನೆನಪಿಟ್ಟುಕೊಳ್ಳುವುದು ಕಷ್ಟವೆನಿಸಿದರೆ ಒಂದೇ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ. ಯಾವ ಹೋಟೆಲಿನಲ್ಲಿ ಕುಳಿತರೂ, ಪಟ್ಟಿಯನ್ನು ಮಗುಚಿ ಇಟ್ಟು, “ಇವತ್ತು ಇಲ್ಲಿನದು ಏನಿದೆ?” ಎಂದು ಕೇಳಿ. ಮೊದಲ ಸಲ ಮಾಣಿ ತಬ್ಬಿಬ್ಬಾಗಬಹುದು. “ಏನೂ ಇಲ್ಲ” ಎನ್ನಬಹುದು. ಅಡ್ಡಿಯಿಲ್ಲ. ದಿನಕ್ಕೆ ಹತ್ತು ಜನ ಕೇಳಿದರೆ ಹನ್ನೊಂದನೆಯವನಿಗೆ ತಂಬುಳಿ ಸಿಕ್ಕುತ್ತದೆ. ನನ್ನ ಗೆಳೆಯರಂಥ ನೂರು ಮಂದಿ ಕೆಂಪು ಗಂಜಿ ಕೇಳಿದರೆ, ಗಜನಿಯ ಒಡ್ಡಿಗೆ ಮಣ್ಣು ಹೊರುವವನಿಗೆ ಒಂದು ಕಾರಣ ಸಿಕ್ಕುತ್ತದೆ.

ಆ ಗೆಳೆಯರು ಮತ್ತೆ ಬಂದಿದ್ದರು. ಈ ಸಲ ನಾನು ಯಾವ ವ್ಯವಸ್ಥೆಯನ್ನೂ ಮಾಡಲಿಲ್ಲ. ರಥಬೀದಿಯ ಮಗ್ಗುಲ ಚಿಕ್ಕ ಖಾನಾವಳಿಯೊಂದರಲ್ಲಿ ಕುಳಿತು ಅವರೇ ಕೇಳಿದರು: “ಇವತ್ತ ನಿಮ್ಮೂರಿಂದು ಏನೈತ್ರಿ?” ಬಡಿಸುತ್ತಿದ್ದ ಹೆಂಗಸು ಸ್ವಲ್ಪ ಹೊತ್ತು ನಮ್ಮ ಮುಖವನ್ನೇ ನೋಡಿದಳು. ಆಮೇಲೆ ದನಿ ತಗ್ಗಿಸಿ, ತಪ್ಪು ಒಪ್ಪಿಕೊಳ್ಳುವವಳಂತೆ, “ನಮಗೆಂದು ಒಳಗೆ ಅಪ್ಪೆಹುಳಿ ಮಾಡಿದ್ದೆವು. ನಿಮಗೆ ಸೇರುತ್ತದೆಯೋ ಇಲ್ಲವೋ” ಎಂದಳು. ತಂದು ಬಡಿಸಿದಳು. ಗೆಳೆಯರು ಮೂರು ಸಲ ಹಾಕಿಸಿಕೊಂಡರು. ಹೊರಡುವಾಗ ಲೆಕ್ಕದಲ್ಲಿ ಅಪ್ಪೆಹುಳಿಯ ಹಣ ಇರಲಿಲ್ಲ. ಗೆಳೆಯರು ಲೆಕ್ಕ ತಿದ್ದಿಸಿ, ಅದಕ್ಕೂ ಸೇರಿಸಿ ಹಣ ಕೊಟ್ಟರು.

ಮರುದಿನ ನಾನೊಬ್ಬನೇ ಆ ದಾರಿಯಾಗಿ ಹೋಗುವಾಗ ನೋಡಿದೆ. ಹೊರಗಿನ ಕರಿಹಲಗೆಯ ಮೇಲೆ, ಅನ್ನ ಸಾರಿನ ಕೆಳಗೆ, ಸೀಮೆಸುಣ್ಣದಲ್ಲಿ ಹೊಸದಾಗಿ ಒಂದು ಸಾಲು ಬರೆದಿತ್ತು: ಅಪ್ಪೆಹುಳಿ.